ಬಾಡಿಗೆ ಕೋಣೆಯ ಬಾಗಿಲಿಗೆ ಅಂಟಿಸಿದ ಹಾಳೆ

ಬೀಗದ ಕೈ ಎಡಕ್ಕೆ ಎರಡು ಸುತ್ತು.
ಮೂರನೆಯ ಸುತ್ತಿಗೆ ಒತ್ತಾಯ ಮಾಡಿದರೆ ಮುರಿಯುತ್ತದೆ,
ರಿಪೇರಿಯವನಿಗೆ ಆಗಸ್ಟಿನಲ್ಲಿ
ದೇವರೇ ಕರೆದರೂ ಬಿಡುವಿಲ್ಲ.

ಕಡಲಿಗೆ ದಾರಿ ಚರ್ಚಿನ ಹಿಂದೆ, ನೀಲಿ ಹೋಟೆಲಿನ ಪಕ್ಕ.
ಹೋಟೆಲಿನವರು ಅಡ್ಡ ಸರಪಳಿ ಕಟ್ಟಿ
ಖಾಸಗಿ ಎಂದು ನಾಲ್ಕು ಭಾಷೆಯಲ್ಲಿ ಬರೆಸಿದ್ದಾರೆ.
ಪೋರ್ಚುಗೀಸಿನಲ್ಲಿ ಬರೆಸಿಲ್ಲ; ಹಾಗಾಗಿ ನಾವು ಓದಿಲ್ಲ.
ದಾಟಿ ಹೋಗಿ. ನನ್ನ ಅತ್ತೆ ಮೀನಿನ ಬುಟ್ಟಿ ಹೊತ್ತು
ಹತ್ತಿ ಬರುತ್ತಿದ್ದದ್ದು ಇಲ್ಲಿಂದಲೇ.
ಯಾರಾದರೂ ತಡೆದರೆ ಇದಾಲಿನಾ ಮನೆಯವರು ಅನ್ನಿ.
ಆಮೇಲೂ ತಡೆದರೆ
ಭಾಷೆ ಬಾರದವರ ಹಾಗೆ ನಕ್ಕು ಮುಂದೆ ನಡೆಯಿರಿ.

ಮೆಟ್ಟಿಲು ಇನ್ನೂರ ಹನ್ನೆರಡು.
ನೂರರ ಹತ್ತಿರ ಒಂದು ಕಲ್ಲುಕಟ್ಟೆ.
ಇಳಿಯುವಾಗ ಅದು ಕಣ್ಣಿಗೇ ಬೀಳುವುದಿಲ್ಲ,
ಹತ್ತುವಾಗ ಅದೇ ತವರುಮನೆ.

ಟಿವಿಯಲ್ಲಿ ಕಂಡ ನೀಲಿಯನ್ನು ನಂಬಬೇಡಿ.
ಇದು ಅಟ್ಲಾಂಟಿಕ್, ಜುಲೈನಲ್ಲೂ ಮೂಳೆ ಕೊರೆಯುತ್ತದೆ.
ಹಸಿರು ಬಾವುಟವಿದ್ದರೆ ಇಳಿಯಿರಿ.
ಹಳದಿಯಿದ್ದರೆ ಸೊಂಟದ ತನಕ, ಈಜು ಬೇಡ.
ಕೆಂಪಿದ್ದರೆ ಹೆಬ್ಬೆರಳೂ ಬೇಡ.
ಚೌಕಳಿ ಬಾವುಟ ಹಾರಿಸಿದ್ದರೆ
ಕಾವಲಿನವರು ಊಟಕ್ಕೆ ಹೋಗಿದ್ದಾರೆ ಎಂದು.
ಸಮುದ್ರ ಊಟಕ್ಕೆ ಹೋಗುವುದಿಲ್ಲ.

ಎರಡು ಕಡೆ ನೊರೆ, ನಡುವೆ ಅಲೆಯೇ ಏಳದ
ನಯವಾದ ಒಂದು ಪಟ್ಟಿ ಕಾಣುತ್ತದೆ.
ಇಲ್ಲೇ ಸುಖ ಅಂದುಕೊಳ್ಳುತ್ತೀರಿ. ಎಲ್ಲರೂ ಅಂದುಕೊಂಡವರೇ.
ಅದು ನೀರು ಹೊರಗೆ ಹೋಗುವ ಬಾಗಿಲು.
ಸಿಕ್ಕಿಕೊಂಡರೆ ದಡಕ್ಕೆ ಎದುರೀಜಬೇಡಿ.
ಮೊಂಡ ಗಂಡನ ಹತ್ತಿರ ಹೇಗೋ ಹಾಗೆ,
ಜಗಳ ಬಿಟ್ಟು ಪಕ್ಕಕ್ಕೆ ಸರಿಯಿರಿ.
ಸುಸ್ತಾದರೆ ತೇಲಿ, ಕೈ ಎತ್ತಿ.
ನೀದಿಯಾ ನೋಡುತ್ತಿರುತ್ತಾಳೆ. ಹತ್ತೊಂಬತ್ತರ ಹುಡುಗಿ, ಉಗುರಿಗೆ ನೇರಳೆ ಬಣ್ಣ.
ಹೋದ ಬೇಸಿಗೆ ಏಳು ಜನರನ್ನು ಎಳೆದು ತಂದಳು,
ಥ್ಯಾಂಕ್ಸ್ ಹೇಳಿದವನು ಒಬ್ಬ.

ಬಂಡೆಯ ಬುಡದಲ್ಲಿ ಬಿಟ್ಟಿ ನೆರಳಿದೆ, ಅಲ್ಲಿ ಮಲಗಬೇಡಿ,
ಬಂಡೆ ಹೇಳಿ ಕೇಳಿ ಬೀಳುವುದಿಲ್ಲ.
ಅಲಮಾರಿಯ ಹಿಂದೆ ಛತ್ರಿ ಇದೆ, ಒಂದು ಕಡ್ಡಿ ಮುರಿದಿದೆ.
ಮರಳಲ್ಲಿ ಹುದುಗಿದ ಮುಳ್ಳುಮೀನು ಕಾಲಿಗೆ ಚುಚ್ಚಿದರೆ
ಐಸು ಬೇಡ, ಬೈಗುಳ ಆಗಬಹುದು, ಬಿಸಿನೀರು ಬೇಕು,
ತಡೆಯುವಷ್ಟು ಬಿಸಿ, ಒಂದು ಗಂಟೆ.
ಗ್ಯಾಸಿನ ಲೆಕ್ಕ ಕೇಳುವುದಿಲ್ಲ.

ಭಾನುವಾರ ಬಸ್ಸು ಒಂದೇ, ಸಂಜೆ ಆರೂ ಹತ್ತಕ್ಕೆ.
ಡ್ರೈವರಿಗೆ ಮನಸ್ಸಾದರೆ ಆರಕ್ಕೆ ಐದು ನಿಮಿಷ ಇರುವಾಗಲೇ.

ಮಂಗಳವಾರ, ಶುಕ್ರವಾರ, ಬೆಳಿಗ್ಗೆ,
ತೆಂಕಣ ತುದಿಯ ಹಲಗೆ ದಾರಿಯಲ್ಲಿ
ಪುರಸಭೆಯ ಹುಡುಗರು ಒಂದು ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಾರೆ.
ಕುಂಬಳದಂಥ ಹಳದಿ ಚಕ್ರ, ನೀರಿನ ಮೇಲೆ ತೇಲುತ್ತದೆ.
ಅದರಲ್ಲಿ ಕೂತವನು ನನ್ನ ಗಂಡ, ಅರ್ಮಿಂದು.
ಮೂವತ್ತು ವರ್ಷ ಬಲೆ ಎಳೆದವನು.
ಫೋಟೋ ಬೇಡ. ಅಯ್ಯೋ ಪಾಪವೂ ಬೇಡ.
ಮೊದಲ ಅಲೆ ಎದೆಗೆ ಬಡಿದಾಗ ಏನೋ ಬೈಯುತ್ತಾನೆ,
ಲಕ್ವ ಹೊಡೆದ ಮೇಲೆ ಉಳಿದ ಐದಾರು ಮಾತಿನಲ್ಲಿ ಅದೂ ಒಂದು.
ಮಕ್ಕಳ ಕಿವಿ ಮುಚ್ಚಬೇಡಿ.
ಮನೆಯಲ್ಲಿ ಅವನು ಅಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಹುಡುಗರ ವ್ಯಾನಿನಲ್ಲಿ ಅವನ ಪಕ್ಕ ಜಾಗವಿಲ್ಲ.
ಮೆಟ್ಟಿಲಿಗೆ ನನ್ನ ಮಂಡಿ ಒಪ್ಪದೆ ಒಂಬತ್ತು ವರ್ಷ.
ಅವನು ಏನಂದ ಅಂತ ಬಂದು ಹೇಳಿ.
ಅರ್ಥವಾಗದಿದ್ದರೆ ಸದ್ದು ಹೇಗಿತ್ತೋ ಹಾಗೆ.

ಈ ಹಾಳೆಯಲ್ಲಿ ಮೊದಲು ಇನ್ನೊಂದು ಸಾಲಿತ್ತು,
ಒಳಗೆ ಬರುವ ಮುಂಚೆ ಕಾಲು ತೊಳೆಯಿರಿ, ನಲ್ಲಿ ಗೇಟಿನ ಬಳಿ ಇದೆ, ಅಂತ.
ಹೊಡೆದುಹಾಕಿದ್ದೇನೆ.
ನಲ್ಲಿ ಸರಿಯಾಗಿಯೇ ಇದೆ.
ನೀವು ಹಾಗೇ ಬನ್ನಿ, ಮರಳನ್ನು ನಾನು ಗುಡಿಸಿಕೊಳ್ಳುತ್ತೇನೆ.

ಕೋಣೆ ಖಾಲಿ ಮಾಡುವುದು ಹತ್ತಕ್ಕೆ.
ಶುಕ್ರವಾರವಾದರೆ ಹನ್ನೆರಡು.